ಚಿನ್ಮಯಿಯ ಡೈರಿಯ ಅಂಟಿದ ಪುಟಗಳು

ಹುಬ್ಬಳ್ಳಿ
ಮುಂಗಾರು ತಿಂಗಳ ನಲವತ್ತೊಂದನೆಯ ದಿನ
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2171)

ದಾಕ್ಷಾಯಣಿ ಅಕ್ಕನವರಿಗೆ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನವೇ ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೂ ಮುಂಗಾರು ತಿಂಗಳು ಮುಗಿಯುವುದಿಲ್ಲ. ಹೋದ ವರ್ಷ ಅದು ಐವತ್ತೆರಡು ದಿನ ನಡೆದು, ಮುಂದಿನ ತಿಂಗಳು ಹುಟ್ಟಿದವರೆಲ್ಲ ನಮ್ಮ ಹುಟ್ಟುಹಬ್ಬ ಯಾವಾಗ ಎಂದು ಗೋಳಾಡಿದರು. ನನ್ನ ಭಾಷೆಯೂ ಅಲ್ಲಲ್ಲಿ ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೂ ಕ್ಷಮೆಯಿರಲಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಒಂದೇ ಪುಸ್ತಕದಿಂದ. ಅದು ನಿಮ್ಮ ಮಗಳು ಚಿನ್ಮಯಿಯ ಶಾಲೆಯ ಡೈರಿ. ಈಗಲೂ ನನ್ನ ಮೇಜಿನ ಮೇಲೆ ಇದೆ. 

ನನ್ನ ಹೆಸರು ನೀಲವ್ವ. ಅಜ್ಜಿಯ ಹೆಸರಿನಂತಿದೆ ಎನ್ನುತ್ತೀರೇನೋ, ನಮ್ಮ ಕಾಲದಲ್ಲಿ ಎಳೆಯ ಮಕ್ಕಳಿಗೆ ಇಂಥ ಹೆಸರೇ ಫ್ಯಾಷನ್ನು. ವಯಸ್ಸು ಐವತ್ತೆಂಟು. ನಿಮಗೆ ಮೂವತ್ತನಾಲ್ಕು ಎಂದು ಡೈರಿಯ ಮೊದಲ ಪುಟ ಹೇಳುತ್ತದೆ. ಬಾಳಿದ ವರ್ಷ ಎಣಿಸಿದರೆ ನಾನು ಹಿರಿಯಳು, ಹುಟ್ಟಿದ ವರ್ಷ ಎಣಿಸಿದರೆ ನೀವು ನನ್ನ ಮುತ್ತಜ್ಜಿಗೂ ಅಜ್ಜಿ. ಯಾರು ಯಾರ ಕಾಲಿಗೆ ಬೀಳಬೇಕೆಂದು ತೀರ್ಮಾನವಾಗದ್ದರಿಂದ ಅಕ್ಕ ಎಂದು ಕರೆದುಬಿಟ್ಟೆ. ಇಲ್ಲಿಯ ಕೂಡುಶಾಲೆಯಲ್ಲಿ ಹಳೆಯ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕೂಡುಶಾಲೆಯೆಂದರೆ ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಕಲಿಯುವ ಶಾಲೆ. ನಮಗೆ ಬೇರೆ ಬಗೆಯ ಶಾಲೆ ಗೊತ್ತೇ ಇಲ್ಲ, ಆದ್ದರಿಂದ ಈ ಹೆಸರಿನ ಅರ್ಥವನ್ನು ನಾನು ಹೇಳಿದ್ದು ನಿಮಗಾಗಿ ಮಾತ್ರ.

ಈ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಕಳೆದ ಕಾಲಕ್ಕೆ ಓಲೆ ಕಳಿಸುವ ಅವಕಾಶ ಒಬ್ಬರಿಗೆ ಜನ್ಮಕ್ಕೆ ಒಮ್ಮೆ. ಕೆಲವರು ತೀರಿಹೋದ ಅಪ್ಪನಿಗೆ ಬರೆಯುತ್ತಾರೆ, ನಮ್ಮ ಪಕ್ಕದ ಮನೆಯಾತ ತನ್ನ ಮುತ್ತಜ್ಜಿಗೆ ಬದನೆಕಾಯಿ ಎಣಗಾಯಿ ಮಾಡುವ ರೀತಿ ಕೇಳಿ ಬರೆದ. ನಾನು ನನ್ನದನ್ನು ಮೂವತ್ತು ವರ್ಷ ಜತನವಾಗಿ ಇಟ್ಟುಕೊಂಡಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ನಾಳೆ ಸೋಮವಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ನೀವು ಮಗಳು ಕಲಿಯುವ ಹೊಂಬೆಳಕು ಶಾಲೆಗೆ ಹೋಗಿ, ಇನ್ನೂ ಮಾತು ಬಾರದ ಆರು ವರ್ಷದ ಚಿನ್ಮಯಿಯನ್ನು ದೂರದ ಊರಿನ ಹಾಸ್ಟೆಲ್ ಶಾಲೆಗೆ ಕಳಿಸಲು ಶಿಫಾರಸು ಚೀಟಿ ಕೇಳಬೇಕೆಂದು ತೀರ್ಮಾನಿಸಿದ್ದೀರಿ. ಕೇಳಬೇಡಿ ಅಕ್ಕಾ. ಅಥವಾ ಕೇಳುವ ಮೊದಲು ಈ ಓಲೆಯನ್ನು ಪೂರ್ತಿ ಓದಿ. ನಾನು ಸ್ವಲ್ಪ ವಾಚಾಳಿ, ಸಹಿಸಿಕೊಳ್ಳಿ. ಒಂಬತ್ತು ವರ್ಷದವರೆಗೆ ನಾನು ಒಂದು ಮಾತೂ ಆಡಿದವಳಲ್ಲ, ಆ ಬಾಕಿಯನ್ನು ಈಗ ಊರಿನವರೆಲ್ಲ ಅನುಭವಿಸುತ್ತಿದ್ದಾರೆ.

ಡೈರಿ ಸಿಕ್ಕ ಕಥೆ ಮೊದಲು. ಮೂರು ವಾರದ ಹಿಂದೆ ನಮ್ಮ ಶಾಲೆಯ ಹಳೆಯ ಗೋಡೆ ಕೆಡವುವಾಗ ಅದರ ಹಿಂದೆ ಒಂದು ತಗಡಿನ ಟ್ರಂಕು ಸಿಕ್ಕಿತು. ಅದರೊಳಗೆ ಒಂದು ಸಣ್ಣ ಕುರ್ಚಿಯ ಕಾಲು, ಹರಿದ ಒಂದು ಚಾಪೆ, ಮತ್ತು ನೀಲಿ ರಟ್ಟಿನ ಈ ಡೈರಿ. ಎಡಪುಟದ ಮೇಲೆ 'ಶಾಲೆಯಲ್ಲಿ', ಬಲಪುಟದ ಮೇಲೆ 'ಮನೆಯಲ್ಲಿ' ಎಂದು ಅಚ್ಚಾಗಿದೆ. ಎಡಗಡೆ ರೇಷ್ಮಾ ನದಾಫ್ ಟೀಚರ್ ಬರೆಯುತ್ತಿದ್ದರು, ಬಲಗಡೆ ನೀವು. ಜೂನ್ ಮೊದಲ ವಾರದಿಂದ ಆಗಸ್ಟ್ ಏಳರ ಶುಕ್ರವಾರದವರೆಗೆ ಒಂದು ದಿನವೂ ತಪ್ಪಿಲ್ಲ. ಮೊದಲ ಪುಟದಲ್ಲಿ ನೀಲಿ ಬಣ್ಣದ ಒಂದು ಹೆಬ್ಬೆರಳಿನ ಗುರುತು. ಶಾಲೆಗೆ ಸೇರಿದ ದಿನ ಎಲ್ಲ ಮಕ್ಕಳಿಂದಲೂ ಹಾಗೆ ಒತ್ತಿಸುತ್ತಿದ್ದರಂತೆ. ಕೆಳಗೆ ನಿಮ್ಮ ಅಕ್ಷರ: 'ಬಣ್ಣ ಹಚ್ಚಿದ್ದಕ್ಕ ಒಂದು ತಾಸು ಅತ್ತಳು. ಒದ್ದಿ ಇದ್ದದ್ದು, ಅಂಟು ಇದ್ದದ್ದು ಏನೂ ಮುಟ್ಟಂಗಿಲ್ರಿ.'

ಡೈರಿಯನ್ನು ಮೊದಲ ಸಲ ಓದಿದಾಗ ನಾನು ಬೆರಗಾದೆ. ಜೂನ್ ಹದಿನೈದಕ್ಕೆ ಚಿನ್ಮಯಿ ಶಾಲೆಯಲ್ಲಿ ತಾನೇ ಚಮಚ ಹಿಡಿದು ಎರಡು ತುತ್ತು ಉಪ್ಪಿಟ್ಟು ತಿನ್ನುತ್ತಾಳೆ. ಅದೇ ಸಂಜೆ ಮನೆಯಲ್ಲಿ ಮೂರು ತುತ್ತು ಅನ್ನ. ಮರುದಿನ ಶಾಲೆಯಲ್ಲಿ ಐದು ತುತ್ತು, ಮನೆಯಲ್ಲಿ ಅರ್ಧ ರೊಟ್ಟಿ. ಜುಲೈ ಹೊತ್ತಿಗೆ ಶಾಲೆಯಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆದಳು, ಮನೆಯಲ್ಲಿ ತಾನೇ ತಲೆ ಬಾಚಿಕೊಂಡಳು. ಇದೇ ವೇಗದಲ್ಲಿ ಹೋದರೆ ದಸರೆಗೆ ಈ ಹುಡುಗಿ ಸ್ವಂತ ಖಾನಾವಳಿ ತೆಗೆಯುತ್ತಾಳೆ ಎಂದು ನಾನು ನಕ್ಕೆ. ಆದರೆ ಶುಕ್ರವಾರದ ಪುಟದಲ್ಲಿ ನಗು ನಿಂತಿತು. ಎಡಗಡೆ: 'ಸೋಮವಾರ ಹತ್ತಕ್ಕೆ ದಯವಿಟ್ಟು ಬಂದು ಭೇಟಿಯಾಗಿ.' ಬಲಗಡೆ: 'ಬರ್ತೇನ್ರಿ. ನನಗೂ ಮಾತಾಡೋದೈತಿ.' ಇಷ್ಟೊಂದು ಕಲಿಯುತ್ತಿರುವ ಮಗುವಿನ ಬಗ್ಗೆ ಇಬ್ಬರಿಗೂ ಇಷ್ಟು ಬಿಗಿಯಾದ ಮಾತು ಏಕೆ?

ಆಗ ನನ್ನ ಜೊತೆ ಕೆಲಸ ಮಾಡುವ ಬಸಯ್ಯ ನೆರಳುಗನ್ನಡಿ ತಂದ. ಕಾಗದದಲ್ಲಿ ಹಿಂದೆ ಯಾವಾಗಲೋ ಒತ್ತಿ ಅಳಿಸಿದ್ದನ್ನು ಮತ್ತೆ ಕಾಣಿಸುವ ಒಂದು ಗಾಜು ಅದು. ಪುಟದ ಮೇಲೆ ಇಟ್ಟೆವು. ಪೆನ್ನಿನ ಅಕ್ಷರಗಳ ಕೆಳಗಿನಿಂದ ಬೂದು ಬಣ್ಣದ ಇನ್ನೊಂದು ಡೈರಿ ಎದ್ದು ಬಂತು! ನಾನು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಮಕ್ಕಳೆಲ್ಲ ಓಡಿ ಬಂದರು. ಹೊಂಬೆಳಕು ಶಾಲೆಯ ಪದ್ಧತಿ ಆಗ ತಿಳಿಯಿತು. ಟೀಚರು ಮೊದಲು ಪೆನ್ಸಿಲ್ಲಿನಲ್ಲಿ ಬರೆದು ದೊಡ್ಡ ಮೇಡಮ್ಮಿಗೆ ತೋರಿಸಬೇಕು, ಅವರು ತಿದ್ದಿದ ಮೇಲೆ ಅಳಿಸಿ ಪೆನ್ನಿನಲ್ಲಿ ಬರೆಯಬೇಕು. ದೊಡ್ಡ ಮೇಡಮ್ಮಿನ ಸಣ್ಣಕ್ಷರದ ಟಿಪ್ಪಣಿ ಅಂಚಿನಲ್ಲಿದೆ: 'ಒಳ್ಳೇದನ್ನ ಬರೀರಿ. ಈ ತಾಯಂದ್ರು ಅತ್ತು ಅತ್ತು ಸಾಕಾಗಿ ಬಂದಿರ್ತಾರ.' ಕೆಟ್ಟ ಮನಸ್ಸಿನ ಮಾತಲ್ಲ ಇದು. ಆದರೆ ಆ ಒಳ್ಳೆಯ ಮನಸ್ಸೇ ಎಷ್ಟು ಅನಾಹುತ ಮಾಡಿತು ನೋಡಿ.

ಜೂನ್ ಹದಿನೈದರ ಎಡಪುಟದ ಪೆನ್ಸಿಲ್: 'ಬಟ್ಟಲಾ ದೂಡಿದಳು. ಚಮಚ ಮುಟ್ಟಲಿಲ್ಲ. ಎರಡೂವರಿ ಆದಮ್ಯಾಲ ಕಿಟಕಿ ಕಡೆ ನಿಂತಳು, ಕರೆದ್ರ ಬರಲಿಲ್ಲ.' ಪೆನ್ನಿನಲ್ಲಿ ಮಾತ್ರ ಎರಡು ತುತ್ತು ಉಪ್ಪಿಟ್ಟು, ಪಕ್ಕದಲ್ಲಿ ಒಂದು ಬಂಗಾರದ ಚುಕ್ಕಿ. ಅದನ್ನು ಓದಿದ ನೀವು ಏನು ಮಾಡಿದಿರಿ? ಮಗಳು ಹಿಡಿಯದ ಪೆನ್ಸಿಲ್ಲನ್ನು ನೀವು ಹಿಡಿದಿರಿ. 'ಶಾಲ್ಯಾಗ ತಿಂತಾಳಂತ. ನನ್ನ ಮುಂದ ಯಾಕ ತಿನ್ನಂಗಿಲ್ಲ? ನಾನ ತಿನ್ನಿಸಿದೆ. ಕಣ್ಣಾಗ ನೀರು ಬಂತು, ಆಕಿಗೆ ಕಾಣಬಾರದಂತ ಮಾರಿ ಆ ಕಡೆ ಮಾಡಿದೆ.' ಇಷ್ಟು ಬರೆದು, ಅಳಿಸಿ, ಮೇಲೆ ಪೆನ್ನಿನಲ್ಲಿ ಮೂರು ತುತ್ತು ಅನ್ನ ಎಂದು ಬರೆದಿರಿ. ಏಕೆಂದು ಇನ್ನೊಂದು ಪುಟದಲ್ಲಿ ಹೇಳಿದ್ದೀರಿ. ಇದಕ್ಕೂ ಮೊದಲು ಎರಡು ಶಾಲೆಗಳು 'ಇಂಥಾ ಮಕ್ಕಳಿಗೆ ನಮ್ಮಲ್ಲಿ ಅನುಕೂಲ ಇಲ್ರಿ' ಎಂದು ಬಾಗಿಲು ಹಾಕಿದ್ದವು. ಮೂರನೆಯದೂ ಹಾಗೆ ಹೇಳೀತೆಂಬ ಹೆದರಿಕೆ ನಿಮಗೆ. ಆ ಮೂರು ತುತ್ತನ್ನು ಓದಿದ ಟೀಚರಿಗೆ ಇನ್ನೊಂದು ಹೆದರಿಕೆ: ಮನೆಯಲ್ಲಿ ಇಷ್ಟೆಲ್ಲ ಮಾಡುವ ಮಗು ನನ್ನ ಹತ್ತಿರ ಏಕೆ ಮಾಡುವುದಿಲ್ಲ?

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಶುಕ್ರವಾರದ ಪೆನ್ಸಿಲ್ ಹಾಗಿದೆ. ರೇಷ್ಮಾ ಟೀಚರ್ ಬರೆದು ಅಳಿಸಿದ್ದು: 'ಈ ಹುಡುಗಿ ಅವ್ವನ ಕಡೆ ಎಲ್ಲಾ ಕಲೀತಾಳ, ನನ್ನ ಕಡೆ ಏನೂ ಇಲ್ಲ. ನಾನ ಸರಿ ಇಲ್ಲ. ಶಾಲಿ ಬಿಡಿಸಿ ಮನ್ಯಾಗ ಇಟ್ಕೋರಿ ಅಂತ ಸೋಮವಾರ ಹೇಳಿಬಿಡ್ತೀನಿ.' ನೀವು ಬರೆದು ಅಳಿಸಿದ್ದು: 'ನನ್ನಿಂದ ದೂರ ಇದ್ದಷ್ಟು ಆಕಿ ಕಲೀತಾಳ. ಹಾಸ್ಟೆಲ್ ಶಾಲಿಗೆ ಚೀಟಿ ಬರಕೊಡ್ರಿ ಅಂತ ಕೇಳ್ತೀನಿ. ನಾನ ಆಕಿಗೆ ಅಡ್ಡ ಆಗೇನಿ.' ನೋಡಿದಿರಾ ಅಕ್ಕಾ? ಆಕೆ ಮಗುವನ್ನು ನಿಮ್ಮ ಹತ್ತಿರವೇ ಬಿಡಲು ಬರುತ್ತಾರೆ, ನೀವು ಮಗುವನ್ನು ನಿಮ್ಮಿಂದ ದೂರ ಕಳಿಸಲು ಹೊರಟಿದ್ದೀರಿ. ಇಬ್ಬರಿಗೂ ಕಾರಣ, ಎಲ್ಲಿಯೂ ಯಾರೂ ತಿನ್ನದ ಕೆಲವು ತುತ್ತು. ಅದನ್ನು ಓದಿದ ದಿನ ನನಗೆ ಸಿಟ್ಟು ಬಂತು, ನಿಮ್ಮ ಮೇಲೂ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಮಗುವನ್ನು ಹೊಗಳಿದ್ದರೆ ನಕ್ಕು ಬಿಡುತ್ತಿದ್ದೆ. ನೀವು ಹೊಗಳುತ್ತಾ ಹೊಗಳುತ್ತಾ ಅವಳ ಬದುಕಿನಿಂದ ನಿಮ್ಮನ್ನೇ ತೆಗೆದುಹಾಕುತ್ತಿದ್ದೀರಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಬೂದು ಡೈರಿಯಲ್ಲಿ ನಿಮ್ಮಿಬ್ಬರಿಗೂ ಗೊತ್ತಿಲ್ಲದ ಒಂದು ವಿಷಯ ಇದೆ. ಟೀಚರು ಹದಿನೇಳು ಸಲ 'ಕಿಟಕಿ ಕಡೆ ನಿಂತಳು' ಎಂದು ಬರೆದು ಅಳಿಸಿದ್ದಾರೆ. ಹದಿನೇಳು ಸಲವೂ ಮಧ್ಯಾಹ್ನ ಎರಡೂವರೆಯ ನಂತರ. ನೀವು ಕರೆದುಕೊಂಡು ಹೋಗಲು ಬರುತ್ತಿದ್ದದ್ದು ಮೂರಕ್ಕೆ. ನೀವು ಐದು ಭಾನುವಾರ ಒಂದೇ ಮಾತು ಬರೆದು ಅಳಿಸಿದ್ದೀರಿ: 'ಇವತ್ತೂ ಚಪ್ಪಲಿ ಹಾಕ್ಕೊಂಡು, ಶಾಲಿ ಚೀಲ ಹಿಡಕೊಂಡು ಬಾಗಿಲಾಗ ಕುಂತಳು. ಸೂಟಿ ಐತಿ ಅಂದ್ರ ತಿಳಿಯಂಗಿಲ್ಲ. ಬರೇ ಹಟ.' ಹಟವಲ್ಲ ಅಕ್ಕಾ! ಶಾಲೆಯಲ್ಲಿ ಆಕೆ ನಿಮಗಾಗಿ ಕಾಯುತ್ತಾಳೆ, ಮನೆಯಲ್ಲಿ ಟೀಚರಿಗಾಗಿ ಕಾಯುತ್ತಾಳೆ. ಮಾತಿಲ್ಲದ ಹುಡುಗಿ ಎರಡು ತಿಂಗಳಿಂದ ಒಂದೇ ಮಾತನ್ನು ಎರಡು ಜಾಗದಲ್ಲಿ ನಿಂತು ಹೇಳುತ್ತಿದ್ದಾಳೆ. ನೀವಿಬ್ಬರೂ ಅದನ್ನು ನಿಮ್ಮ ನಿಮ್ಮ ಸೋಲೆಂದುಕೊಂಡು ರಬ್ಬರಿನಿಂದ ಒರೆಸಿದಿರಿ.

ಇದನ್ನು ಓದಿ ನಾನೂ ಬಸಯ್ಯನೂ ಅತ್ತೆವು, ಆಮೇಲೆ ಕುಣಿದೆವು. ಬಸಯ್ಯನ ಕಾಲಿಗೆ ಯಂತ್ರದ ಕೀಲು, ಆತ ಕುಣಿದರೆ ಕಪಾಟು ಅಲ್ಲಾಡುತ್ತದೆ.

ನಮ್ಮ ಕೂಡುಶಾಲೆಯನ್ನು ನಿಮಗೆ ತೋರಿಸುವ ಆಸೆ. ಇಲ್ಲಿ ಗಂಟೆ ಬಾರಿಸುವುದಿಲ್ಲ, ಸದ್ದಿಗೆ ಬೆಚ್ಚುವ ಮಕ್ಕಳು ಇದ್ದಾರೆಂದು. ಅದರ ಬದಲು ಅಂಗಳದಲ್ಲಿ ಬಣ್ಣದ ಬಟ್ಟೆ ಏರಿಸುತ್ತೇವೆ, ಹಳದಿಯೆಂದರೆ ಊಟ. ಎಲ್ಲರಿಗೂ ತೂಗುಬೆಂಚು, ಏಕೆಂದರೆ ತೂಗಿಕೊಂಡು ಕಲಿಯುವುದು ಯಾರಿಗೆ ಬೇಡ? ಒಂದು ಓಣಿಗೆ ಸುಮ್ಮನೋಣಿ ಎಂದು ಹೆಸರು, ಅಲ್ಲಿ ಮಾತಾಡಬಾರದು, ಹಾಗಾಗಿ ನನ್ನನ್ನು ಅಲ್ಲಿಗೆ ಬಿಡುವುದಿಲ್ಲ. ಪೇಟೆಯ ಪ್ರತಿ ಅಂಗಡಿಯ ಮುಂದೆ ಬೆರಳುಹಲಗೆ ಇದೆ, ಮಾತು ಬಾರದವರು ಚಿತ್ರಕ್ಕೆ ಬೆರಳಿಟ್ಟು ಬೇಕಾದ್ದನ್ನು ಕೇಳುತ್ತಾರೆ. ಮೆಣಸಿನಕಾಯಿ ಮಾರುವವರು ಕೂಡ ಗಿರಾಕಿಯ ಬೆರಳು ನಿಲ್ಲುವವರೆಗೆ ಕಾಯುತ್ತಾರೆ. ಸ್ವರ್ಗ ಅಂದುಕೊಳ್ಳಬೇಡಿ. 'ನಮ್ಮ ಕಡೆ ಯಾರಿಗೂ ಹಿಂಗ ಇರಲಿಲ್ಲಪಾ' ಎನ್ನುವ ಅತ್ತೆಯರು ಇಲ್ಲಿಯೂ ಗಟ್ಟಿಮುಟ್ಟಾಗಿದ್ದಾರೆ. ಅವರಿಗೆ ಔಷಧಿಯನ್ನು ಯಾವ ಶತಮಾನವೂ ಕಂಡುಹಿಡಿಯಲಾರದು.

ಆದರೆ ನಮ್ಮಲ್ಲಿ ಆಗಲಿಲ್ಲಪುಟ ಎಂಬುದೊಂದು ಇದೆ. ಶುಕ್ರವಾರ ಬೆಳಿಗ್ಗೆ ತಾಯಿ ತಂದೆಯರು, ಟೀಚರುಗಳು ಅಂಗಳದಲ್ಲಿ ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ಪುಸ್ತಕದಿಂದ ಆ ವಾರ ಆಗದೇ ಹೋದ ಒಂದು ಸಂಗತಿ ಓದಬೇಕು. ಹಲ್ಲುಜ್ಜಿಸಲು ಆಗಲಿಲ್ಲ. ಮದುವೆ ಮನೆಗೆ ಕರೆದುಕೊಂಡು ಹೋಗಲು ಧೈರ್ಯ ಆಗಲಿಲ್ಲ. ಸಿಟ್ಟು ತಡೆಯಲು ಆಗಲಿಲ್ಲ, ಹೊಡೆದುಬಿಟ್ಟೆ. ಓದಿದ ಕೂಡಲೇ ಕೂತವರೆಲ್ಲ ಒಂದೇ ದನಿಯಲ್ಲಿ 'ನಮ್ಮಲ್ಲೂ' ಎನ್ನುತ್ತಾರೆ. ಉಪದೇಶವಿಲ್ಲ, ಸಮಾಧಾನವಿಲ್ಲ, ಅಷ್ಟೇ. ಆಮೇಲೆ ಚಹಾ. ನನ್ನ ತಾಯಿ ಆರು ವರ್ಷ ವಾರವಾರವೂ ಅಲ್ಲಿ ಎದ್ದು ನಿಂತು 'ಇವತ್ತೂ ಮಾತಾಡಲಿಲ್ಲ' ಎಂದು ಓದಿದಳು. ವಾರವಾರವೂ ಇನ್ನೂರು ದನಿ ಅವಳಿಗೆ 'ನಮ್ಮಲ್ಲೂ' ಎಂದವು. ಆ ದನಿಗಳಿಲ್ಲದಿದ್ದರೆ ನಿನ್ನನ್ನು ಎಲ್ಲಿಗಾದರೂ ಕಳಿಸಿಬಿಡುತ್ತಿದ್ದೆ ಎಂದು ಸಾಯುವ ಮೊದಲು ನನಗೆ ಹೇಳಿದಳು. ನನಗೆ ಬೇಸರವಾಗಲಿಲ್ಲ, ಅವಳ ಕೈ ಹಿಡಿದುಕೊಂಡೆ.

ಈ ಪದ್ಧತಿ ಎಲ್ಲಿ ಶುರುವಾಯಿತೆಂದು ಯಾರಿಗೂ ಗೊತ್ತಿಲ್ಲ. ಹುಬ್ಬಳ್ಳಿಯ ಒಬ್ಬ ತಾಯಿ ಶುರು ಮಾಡಿದಳು ಎನ್ನುತ್ತಾರೆ, ಹೆಸರಿಲ್ಲ. ಅದು ನೀವೇ ಎಂದು ನಾನು ಹೇಳುತ್ತಿಲ್ಲ, ಪುರಾವೆಯಿಲ್ಲದೆ ಹೇಳಿದರೆ ಬಸಯ್ಯ ನನ್ನನ್ನು ಬಿಡುವುದಿಲ್ಲ. ಆದರೆ ನಿಮ್ಮ ಡೈರಿಯಲ್ಲಿ ಅಂಥ ಒಂದು ಸಾಲು ಆಗಲೇ ಇದೆ. ಬರೆದವರು ನಿಮ್ಮ ಯಜಮಾನರು, ಸೈಕಲ್ ಅಂಗಡಿಯ ಈರಣ್ಣನವರು. ಜುಲೈ ಇಪ್ಪತ್ತೆರಡರಂದು ನಿಮಗೆ ಜ್ವರ, ಅವರು ನೇರವಾಗಿ ಪೆನ್ನಿನಲ್ಲಿ ಬರೆದರು: 'ಇವತ್ತು ಆಕಿ ಏನೂ ಮಾಡಲಿಲ್ರಿ. ನಾನೂ ಏನೂ ಮಾಡಲಿಲ್ಲ. ಇಬ್ರೂ ಅಂಗಡ್ಯಾಗ ಸೈಕಲ್ ಗಾಲಿ ತಿರುಗೂದು ನೋಡಕೋತ ಕುಂತಿದ್ವಿ.' ನಿಮಗೆ ನಾಚಿಕೆಯಾಯಿತು. 'ಇವರಿಗೆ ಬುದ್ಧಿ ಇಲ್ಲ, ಹಿಂಗ ಬರೀತಾರ?' ಎಂದು ಮರುದಿನ ಪೆನ್ಸಿಲ್ಲಿನಲ್ಲಿ ಬೈದು ಅಳಿಸಿದ್ದೀರಿ. ಆದರೆ ಅದೇ ದಿನ ಎಡಗಡೆ ರೇಷ್ಮಾ ಟೀಚರ್ ಬರೆದು ಅಳಿಸಿದ್ದು ಏನು ಗೊತ್ತೆ? 'ಇದನ್ನ ಓದಿ ಹಗುರಾತು. ನನ್ನ ಕಡೆನೂ ಹಂಗ.' ಎರಡು ತಿಂಗಳಲ್ಲಿ ಆಕೆ ಹಗುರಾದದ್ದು ಅದೊಂದೇ ದಿನ.

ಇನ್ನು ಕೊನೆಯ ವಿಷಯ. ಇದನ್ನು ಬರೆಯಲಿಕ್ಕೇ ನಾನು ಬೆಳಗಿನಿಂದ ತಿಂಡಿಯನ್ನೂ ತಿಂದಿಲ್ಲ.

ಶುಕ್ರವಾರದ ನಂತರದ ಪುಟಗಳನ್ನು ನಾವು ಓದಿಲ್ಲ. ಓದಲು ಆಗುವುದಿಲ್ಲ, ಏಕೆಂದರೆ ಅವೆಲ್ಲ ಒಂದಕ್ಕೊಂದು ಹತ್ತಿಕೊಂಡು ಗಟ್ಟಿ ಹಲಗೆಯಾಗಿವೆ. ಸೋಮವಾರದ ಎಡಪುಟವೂ ಬಲಪುಟವೂ ಮುಖಕ್ಕೆ ಮುಖ ಕೊಟ್ಟು ಅಂಟಿವೆ. ಹಿಂದೋಲೆಯ ನಿಯಮದಂತೆ, ನಾವು ಓದಿರುವ ನಿಮ್ಮ ನಾಳೆಯನ್ನು ನಿಮಗೆ ಹೇಳುವಂತಿಲ್ಲ. ಓದದ ಪುಟದ ಬಗ್ಗೆ ಮಾತ್ರ ಬರೆಯಬಹುದು. ನಾಳೆ ಹತ್ತಕ್ಕೆ ಧಾರವಾಡದಿಂದ ಕಾಗದದ ವೈದ್ಯರು ಬಂದು, ಹಬೆ ಕೊಟ್ಟು ಪುಟಗಳನ್ನು ಬಿಡಿಸುತ್ತಾರೆ. ಆದ್ದರಿಂದ ಇವತ್ತೇ ಬರೆಯಬೇಕಿತ್ತು. ನಾಳೆ ಆ ಪುಟ ತೆರೆದರೆ ನನ್ನ ಬಾಯಿಗೆ ಬೀಗ.

ಆದರೆ ಹತ್ತಿಕೊಂಡದ್ದು ಯಾವುದರಿಂದ ಎಂಬುದನ್ನು ಅಂಚಿನಿಂದ ಚೂರು ಅಂಟು ಕೆರೆದು ನೋಡಿದ್ದೇವೆ. ಬೆಲ್ಲದ ಪಾಕ, ಅದರಲ್ಲಿ ನಾಲ್ಕು ಎಳ್ಳು. ನಾಗರ ಪಂಚಮಿ ಹತ್ತಿರ ಬಂತು, ನಿಮ್ಮ ಮನೆಯಲ್ಲಿ ಉಂಡಿ ಕಟ್ಟುತ್ತಿರಬೇಕು. ಸೋಮವಾರ ಶಾಲೆಯಲ್ಲಿಯೂ ಮಕ್ಕಳಿಂದ ಉಂಡಿ ಕಟ್ಟಿಸುವ ದಿನವೆಂದು ಶುಕ್ರವಾರದ ಪುಟದ ಕೆಳಗೆ ಸೂಚನೆ ಇದೆ. ಎಲ್ಲಿಯ ಪಾಕವೋ ತಿಳಿಯದು. ನಿನ್ನೆ ಬಸಯ್ಯ ಅಂಟಿದ ಪುಟಗಳ ಹೊರ ಅಂಚಿನಲ್ಲಿ ಒಂದು ಸಣ್ಣ ಕಂದು ಗುರುತು ಕಂಡು ಭೂತಗನ್ನಡಿ ಕೇಳಿದ. ಬೆರಳಿನ ಗುರುತು, ಪಾಕದ್ದು, ಗೆರೆಗೆರೆಯಾಗಿ ಮೂಡಿದೆ. ಯಾವುದೋ ಮಗುವಿನದಿರಬೇಕು ಎಂದು ಆತ ಮೂಗು ಮುರಿದ. ನಾನು ಡೈರಿಯ ಮೊದಲ ಪುಟ ತೆರೆದು, ಒಂದು ತಾಸು ಅತ್ತು ಒತ್ತಿದ ಆ ನೀಲಿ ಹೆಬ್ಬೆರಳನ್ನು ಅದರ ಪಕ್ಕ ಇಟ್ಟೆ.

ಅದೇ ಬೆರಳು, ಅಕ್ಕಾ. ಗೆರೆ ಗೆರೆಗೂ ಅದೇ.

ಬೆರಳಿನ ಗುರುತನ್ನು ಹೇಳುವುದೂ ನಿಯಮ ಮೀರಿದಂತೆ ಎಂದು ಹಿಂದೋಲೆ ಕಳಿಸುವ ಕಚೇರಿಯ ಮೇಲಿನವರು ತಕರಾರು ತೆಗೆದರು. ಓದಿದ್ದನ್ನು ಹೇಳಬಾರದೆಂದು ನಿಯಮವಿದೆ, ನೋಡಿದ್ದನ್ನಲ್ಲ ಎಂದು ನಾನು ಒಂದು ಗಂಟೆ ವಾದಿಸಿದೆ. ಬೇಸತ್ತು ಒಪ್ಪಿದರು. ಅಂಟು ಮುಟ್ಟದ ನಿಮ್ಮ ಚಿನ್ಮಯಿ ಶುಕ್ರವಾರದ ನಂತರ ಯಾವುದೋ ಒಂದು ದಿನ, ಯಾರದೋ ಪಕ್ಕದಲ್ಲಿ ಕೂತು, ಬಿಸಿ ಆರಿದ ಬೆಲ್ಲದ ಪಾಕಕ್ಕೆ ಕೈ ಹಾಕುತ್ತಾಳೆ. ಆ ಕೈಯಿಂದಲೇ ತನ್ನ ಡೈರಿ ಹಿಡಿಯುತ್ತಾಳೆ. ನೀವು ಆ ಹೊತ್ತಿಗೆ ಅವಳ ಹತ್ತಿರ ಇರುತ್ತೀರೋ, ಅಥವಾ ಅದು ದೂರದ ಹಾಸ್ಟೆಲ್ಲಿಗೆ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಯಾರೂ ನೋಡದೆ ಹೋಗುವ ಸಂಗತಿಯೋ, ನನಗೆ ಗೊತ್ತಿಲ್ಲ. ಆ ಪುಟದಲ್ಲಿ ನೀವು ಏನು ಬರೆದಿದ್ದೀರಿ, ಬರೆದಿದ್ದೀರೋ ಇಲ್ಲವೋ, ಅದೂ ಗೊತ್ತಿಲ್ಲ.

ನನ್ನ ಬೇಡಿಕೆ ಒಂದೇ. ಸೋಮವಾರ ಚಿನ್ಮಯಿಯನ್ನು ಕರೆದುಕೊಂಡು, ಡೈರಿಯನ್ನು ಹಿಡಿದುಕೊಂಡು ಹೋಗಿ. ಚೀಟಿ ಕೇಳುವ ಮೊದಲು, ರೇಷ್ಮಾ ಟೀಚರ್ ಬಾಯಿ ತೆರೆಯುವ ಮೊದಲು, ಅವರ ಎದುರಿಗೇ ಕೂತು ಬಲಪುಟದಲ್ಲಿ ಒಂದು ಸಾಲು ಬರೆಯಿರಿ. ಪೆನ್ಸಿಲ್ ಮನೆಯಲ್ಲಿ ಬಿಟ್ಟು ಹೋಗಿ, ಪೆನ್ನಿನಲ್ಲಿ ಬರೆಯಿರಿ. ಯಜಮಾನರು ಬರೆದಂತೆ ಬರೆಯಿರಿ: ನನ್ನ ಕಡೆ ಏನೂ ಆಗಲಿಲ್ರಿ. ಬರೆದು ಡೈರಿಯನ್ನು ಅವರ ಕಡೆ ತಿರುಗಿಸಿ.

ನಾಳೆ ಹತ್ತಕ್ಕೆ ನಮ್ಮ ಅಂಗಳದಲ್ಲಿ ಇನ್ನೂರು ತಾಯಿ ತಂದೆಯರು ಸೇರುತ್ತಾರೆ. ಪುಟ ಬಿಡಿಸುವುದನ್ನು ನೋಡಲು ಇಡೀ ಶಾಲೆಗೆ ರಜೆ ಕೊಟ್ಟಿದ್ದೇವೆ. ಓದುವವಳು ನಾನು. ನಿಮ್ಮ ಸಾಲು ಅಲ್ಲಿದ್ದರೆ ಗಟ್ಟಿಯಾಗಿ ಓದುತ್ತೇನೆ. ನೂರ ನಲವತ್ತೈದು ವರ್ಷ ತಡವಾದರೂ ಇನ್ನೂರು ದನಿ ಒಟ್ಟಿಗೆ ನಿಮಗೆ ಉತ್ತರ ಕೊಡುತ್ತವೆ. ನೀವು ಅಲ್ಲಿ ಕೂತು ಬರೆಯುವಾಗಲೇ ಆ ಉತ್ತರ ಕೇಳಲಿ ಎಂದು ಈಗಲೇ ಕಳಿಸುತ್ತಿದ್ದೇನೆ:

ನಮ್ಮಲ್ಲೂ, ಅಕ್ಕಾ. ನಮ್ಮಲ್ಲೂ.

ಇತಿ,
ಒಂಬತ್ತು ವರ್ಷದವರೆಗೆ ಮಾತಾಡದಿದ್ದ
ನೀಲವ್ವ